ಮಂಗಾ ಪುಟಗಳಿಂದ ಹೊರಟ ಹಾಡುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಜಪಾನಿನ ಮಂಗಾ ಸರಣಿಗಳನ್ನು ಪರಿಚಯಿಸಿ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಚಿತ್ರಗಳ ಬಗ್ಗೆ ಕೇಳಿಲ್ಲ, ಹಾಡುಗಳ ಬಗ್ಗೆ ಕೇಳಿವೆ. ಸಂಗೀತದ ನೆಲದಿಂದ ಇಂಥ ಪ್ರಶ್ನೆಗಳು ಬಂದದ್ದು ಸಹಜವೇ ಆಗಿದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಒಂದೇ ಪ್ರಶ್ನೆಯನ್ನಾಗಿ ಮಾಡಿಕೊಂಡಿದ್ದೇವೆ.

ಪ್ರಶ್ನೆ: ಮಂಗಾ ಎಂದರೆ ಮುದ್ರಿತ ಚಿತ್ರಕಥೆ, ಅದರಲ್ಲಿ ಧ್ವನಿಯೇ ಇಲ್ಲ. ಹೀಗಿದ್ದೂ ಜಪಾನಿನ ಯಾವುದೇ ಹಿಟ್ ಹಾಡನ್ನು ಹುಡುಕಿದರೂ ಅದರ ಪಕ್ಕದಲ್ಲಿ ಒಂದು ಮಂಗಾ ಸರಣಿಯ ಹೆಸರು ಇರುತ್ತದೆ. ಇದು ಏಕೆ?
– ಪಿಯುಸಿ ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಮಂಗಾಕ್ಕೂ ಹಾಡಿಗೂ ನಡುವೆ ಇರುವ ಕೊಂಡಿ ಟಿವಿ ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ. ಶುಎಶಾ ಪ್ರಕಾಶನ ಸಂಸ್ಥೆ 1968ರಲ್ಲಿ ಆರಂಭಿಸಿದ ‘ಶೋನೆನ್ ಜಂಪ್’ನಂಥ ವಾರಪತ್ರಿಕೆಯಲ್ಲಿ ಒಂದು ಸರಣಿ ವಾರಕ್ಕೆ ಸುಮಾರು 19 ಪುಟಗಳಂತೆ ಬರುತ್ತದೆ. ಪತ್ರಿಕೆಯ ಜೊತೆಗೇ ಬರುವ ಅಂಚೆ ಕಾರ್ಡಿನಲ್ಲಿ ಓದುಗರು ತಮಗೆ ಹಿಡಿಸಿದ ಸರಣಿಗಳನ್ನು ಗುರುತು ಮಾಡಿ ಕಳುಹಿಸುತ್ತಾರೆ, ಆ ಮತಗಳಲ್ಲಿ ಉಳಿದುಕೊಂಡ ಸರಣಿ ಪುಸ್ತಕವಾಗಿ ಮಾರಾಟಕ್ಕೆ ಬರುತ್ತದೆ, ಪುಸ್ತಕ ಚೆನ್ನಾಗಿ ಓಡಿದರೆ ಅನಿಮೆಯಾಗುತ್ತದೆ. ಅರ್ಧ ಗಂಟೆಯ ಆ ಟಿವಿ ಕಂತಿನ ಮೊದಲಿಗೊಂದು ಹಾಡು, ಕೊನೆಗೊಂದು ಹಾಡು. ಅಭಿಮಾನಿಗಳ ಬಾಯಲ್ಲಿ ಇವು ‘ಓಪನಿಂಗ್’ ಮತ್ತು ‘ಎಂಡಿಂಗ್’. ಎರಡಕ್ಕೂ ಸಿಗುವುದು ತಲಾ ಒಂದೂವರೆ ನಿಮಿಷ. ಮೂರು ತಿಂಗಳ ಕಾಲ ವಾರವಾರವೂ ಅದೇ ಒಂದೂವರೆ ನಿಮಿಷ ಲಕ್ಷಾಂತರ ಮನೆಗಳಲ್ಲಿ ಕೇಳಿಸುತ್ತದೆ ಎಂದ ಮೇಲೆ, ಹಾಡುಗಾರರಿಗೆ ಇದಕ್ಕಿಂತ ದೊಡ್ಡ ಬಾಗಿಲು ಬೇರೆ ಇರಲಾರದು.

ಈ ಪದ್ಧತಿಯ ಬೇರು 1963ರ ಜನವರಿ 1ರಂದು ಫ್ಯೂಜಿ ಟಿವಿಯಲ್ಲಿ ಆರಂಭವಾದ ‘ಆಸ್ಟ್ರೋ ಬಾಯ್’ ಸರಣಿಯಲ್ಲಿದೆ. ಒಸಾಮು ತೆಜುಕಾ 1952ರಿಂದ ಬರೆಯುತ್ತಿದ್ದ ಮಂಗಾವನ್ನು ಅವರದೇ ಸ್ಟುಡಿಯೊ ಪರದೆಗೆ ತಂದಿತು. ಮೊದಮೊದಲು ಅದರ ಶೀರ್ಷಿಕೆ ಸಂಗೀತದಲ್ಲಿ ವಾದ್ಯಗಳಷ್ಟೇ ಇದ್ದವು, ಪದಗಳು ಸೇರಿಕೊಂಡದ್ದು ಆಮೇಲೆ. ಆ ಪದಗಳನ್ನು ಬರೆದವರು ಆಧುನಿಕ ಜಪಾನಿ ಕಾವ್ಯದ ಅತ್ಯಂತ ಗೌರವಾನ್ವಿತ ಹೆಸರುಗಳಲ್ಲೊಬ್ಬರಾದ ಶುಂತಾರೊ ತನಿಕಾವಾ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಮಕ್ಕಳ ಕಾರ್ಯಕ್ರಮವೆಂದು ಕೈಗೆ ಸಿಕ್ಕವರಿಂದ ನಾಲ್ಕು ಸಾಲು ಬರೆಸಿ ಮುಗಿಸಲಿಲ್ಲ, ಒಳ್ಳೆಯ ಕವಿಯನ್ನೇ ಕೇಳಿದರು, ಕವಿಯೂ ಒಪ್ಪಿದರು. ತತ್ಸುವೊ ತಕಾಯಿ ಅವರ ಸಂಗೀತದಲ್ಲಿ ಬಂದ ಆ ಹಾಡಿನ ಧಾಟಿ ಇವತ್ತಿಗೂ ಟೋಕಿಯೊದ ತಕಾದನೊಬಾಬಾ ರೈಲು ನಿಲ್ದಾಣದಲ್ಲಿ ಗಾಡಿ ಹೊರಡುವ ಸೂಚನೆಯಾಗಿ ಮೊಳಗುತ್ತದೆ. ಕಥೆಯ ಪ್ರಕಾರ ಆ ಯಂತ್ರಬಾಲಕ ಹುಟ್ಟಿದ್ದು ಅದೇ ಬಡಾವಣೆಯಲ್ಲಿ.

ಇನ್ನು ಹಣಕಾಸಿನ ಕಾರಣ. ಅನಿಮೆಗೆ ಬಂಡವಾಳ ಹಾಕಲು ಪ್ರಕಾಶಕರು, ಟಿವಿ ವಾಹಿನಿ, ಆಟಿಕೆ ತಯಾರಕರು ಮತ್ತು ಧ್ವನಿಮುದ್ರಣ ಸಂಸ್ಥೆ ಸೇರಿ ‘ನಿರ್ಮಾಣ ಸಮಿತಿ’ ಮಾಡಿಕೊಳ್ಳುವುದು ಅಲ್ಲಿಯ ರೂಢಿ. ಸಮಿತಿಯಲ್ಲಿ ಧ್ವನಿಮುದ್ರಣ ಸಂಸ್ಥೆ ಇದ್ದರೆ ತನ್ನ ಗಾಯಕರ ಹಾಡನ್ನು ತರುತ್ತದೆ. ‘ಡೀಮನ್ ಸ್ಲೇಯರ್’ ಅನ್ನೇ ತೆಗೆದುಕೊಳ್ಳಿ. ಕೊಯೊಹಾರು ಗೊತೊಗೆ 2016ರಿಂದ 2020ರವರೆಗೆ ಬರೆದ, 23 ಸಂಪುಟಗಳಲ್ಲಿ ಮುಗಿದ ಮಂಗಾ ಅದು. 2019ರ ಅನಿಮೆಯ ಹಿಂದೆ ಇದ್ದವರು ಪ್ರಕಾಶಕ ಶುಎಶಾ, ಚಿತ್ರಿಸಿದ ಯುಫೋಟೇಬಲ್ ಮತ್ತು ಸೋನಿ ಮ್ಯೂಸಿಕ್ ಬಳಗದ ಅನಿಪ್ಲೆಕ್ಸ್. ಓಪನಿಂಗ್ ಹಾಡಾದ ‘ಗುರೆಂಗೆ’ಯನ್ನು ಹಾಡಿದ ಲಿಸಾ ಅವರ ಧ್ವನಿಮುದ್ರಣ ಸಂಸ್ಥೆಯೂ ಅದೇ ಬಳಗದ್ದು. ಆ ವರ್ಷದ ಕೊನೆಯ ರಾತ್ರಿ ಎನ್‌ಎಚ್‌ಕೆ ವಾಹಿನಿಯ ‘ಕೊಹಾಕು’ ಗಾಯನ ಕಾರ್ಯಕ್ರಮದಲ್ಲಿ ಲಿಸಾ ಅದನ್ನೇ ಹಾಡಿದರು. ಮರುವರ್ಷ ಅದೇ ಕಥೆಯ ಚಲನಚಿತ್ರಕ್ಕೆ ಹಾಡಿದ ‘ಹೊಮುರಾ’ ಜಪಾನ್ ರೆಕಾರ್ಡ್ ಪ್ರಶಸ್ತಿಯ ಅಗ್ರ ಗೌರವ ಪಡೆಯಿತು.

ಆದರೆ ವ್ಯಾಪಾರದ ಲೆಕ್ಕವೊಂದೇ ಹಾಡನ್ನು ಉಳಿಸುವುದಿಲ್ಲ. ಒಂದೂವರೆ ನಿಮಿಷವೆಂಬ ಅಳತೆ ಅಲ್ಲಿಯ ಸಂಗೀತಗಾರರಿಗೆ ಒಂದು ಶಿಸ್ತನ್ನೇ ಕಲಿಸಿದೆ. ಮೊದಲು ‘ಎ ಮೆಲೊ’ ಎಂಬ ಶಾಂತವಾದ ಭಾಗ, ನಂತರ ಏರಿಕೆಯ ‘ಬಿ ಮೆಲೊ’, ಅದರ ತುದಿಯಲ್ಲಿ ‘ಸಾಬಿ’ ಎಂದು ಕರೆಯುವ, ಕೇಳಿದೊಡನೆ ಮನಸ್ಸಿನಲ್ಲಿ ನಿಲ್ಲುವ ಮುಖ್ಯ ಭಾಗ. ಇವಿಷ್ಟನ್ನೂ ಆ ಅಳತೆಯೊಳಗೆ ಅರಳಿಸಬೇಕು, ಕೇಳುಗನಿಗೆ ಅವಸರವೆನಿಸಲೂ ಬಾರದು. ನಮ್ಮಲ್ಲಿ ಗದಗದ ಗರುಡ ಸದಾಶಿವರಾಯರಂಥವರ ಕಂಪನಿ ನಾಟಕಗಳ ಕಾಲದಲ್ಲಿ, ನಾಟಕ ನೋಡದವರ ಬಾಯಲ್ಲೂ ರಂಗಗೀತೆ ನಲಿಯುತ್ತಿದ್ದ ಹಾಗೆ, ಮಂಗಾ ಓದದವರನ್ನೂ ಈ ಹಾಡುಗಳು ತಲುಪುತ್ತವೆ. ಹಾಡು ಮತ್ತು ದೃಶ್ಯ ಎಷ್ಟು ಬೆಸೆದುಕೊಳ್ಳಬಲ್ಲವು ಎಂಬುದಕ್ಕೆ ತ್ಸುಕಾಸಾ ಹೋಜೊ ಅವರ ‘ಸಿಟಿ ಹಂಟರ್’ನ 1987ರ ಎಂಡಿಂಗ್ ಹಾಡು ‘ಗೆಟ್ ವೈಲ್ಡ್’ ಇಂದಿಗೂ ಮಾದರಿ. ಕಥೆಯ ಕೊನೆಯ ದೃಶ್ಯ ಇನ್ನೂ ನಡೆಯುತ್ತಿರುವಾಗಲೇ ಅದರ ಆರಂಭದ ಸಂಗೀತ ಕೆಳಗಿನಿಂದ ಸೇರಿಕೊಳ್ಳುತ್ತದೆ. ಕಥೆ ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಪ್ರಶ್ನೆ: ನನ್ನ ಮೊಮ್ಮಗಳು ‘ಐಡಲ್’ ಎಂಬ ಜಪಾನಿ ಹಾಡನ್ನು ದಿನವಿಡೀ ಕೇಳುತ್ತಾಳೆ. ಐವತ್ತು ವರ್ಷ ಹಿಂದೂಸ್ತಾನಿ ಸಂಗೀತದಲ್ಲಿ ಕಳೆದ ನನಗೆ ಅದರಲ್ಲಿ ವೇಗ ಮತ್ತು ಗದ್ದಲ ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ. ಅವಳೊಡನೆ ಕುಳಿತು ಕೇಳಬೇಕೆಂಬ ಆಸೆಯಿದೆ. ಎಲ್ಲಿಂದ ಆರಂಭಿಸಲಿ?
– ನಿವೃತ್ತ ಸಂಗೀತ ಶಿಕ್ಷಕರು, ಧಾರವಾಡ

ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ‘ಐಡಲ್’ನಿಂದ ಆರಂಭಿಸುವ ಬದಲು, ಮೊದಲು 1961ರ ಹಾಡೊಂದನ್ನು ಕೇಳಿ ಎಂದು ವಿನಂತಿಸುತ್ತೇನೆ. ಕ್ಯು ಸಕಾಮೊತೊ ಹಾಡಿದ, ಹೊರದೇಶಗಳಲ್ಲಿ ‘ಸುಕಿಯಾಕಿ’ ಎಂದು ಹೆಸರಾದ ಆ ಹಾಡು 1963ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತ್ತು. ಅದಕ್ಕೂ ಯಾವ ಮಂಗಾಕ್ಕೂ ಸಂಬಂಧವಿಲ್ಲ, ಆದರೆ ನಿಮ್ಮ ಕಿವಿಗೆ ಅದು ಪರಿಚಿತವೆನಿಸುತ್ತದೆ. ಮಧ್ಯಮ ಮತ್ತು ನಿಷಾದಗಳನ್ನು ಬಿಟ್ಟ ಐದು ಸ್ವರಗಳ ಶ್ರೇಣಿಯೊಂದು ಹಳೆಯ ಜಪಾನಿ ಜನಪ್ರಿಯ ಗೀತೆಗಳಲ್ಲಿ ಧಾರಾಳವಾಗಿದೆ, ಆ ಹಾಡು ಬಹುಮಟ್ಟಿಗೆ ನಡೆಯುವುದೂ ಅದರ ಮೇಲೆಯೇ. ಸ್ವರಗಳ ಮಟ್ಟಿಗೆ ಅದು ನಿಮ್ಮ ಭೂಪವೇ. ಚಲನೆ, ವಾದಿ ಸಂವಾದಿಗಳ ವಿಚಾರ ಬೇರೆ, ಆದರೂ ಒಳಹೋಗಲು ಒಂದು ದಾರಿ ಸಿಕ್ಕಂತಾಗುತ್ತದೆ.

ಇನ್ನು ‘ಐಡಲ್’. ಅಕಾ ಅಕಾಸಾಕಾ ಬರೆದು ಮೆಂಗೊ ಯೊಕೊಯಾರಿ ಚಿತ್ರಿಸಿದ ‘ಓಶಿ ನೊ ಕೊ’ ಮಂಗಾದ ಅನಿಮೆಗೆ 2023ರ ಏಪ್ರಿಲ್‌ನಲ್ಲಿ ಬಂದ ಹಾಡು ಅದು. ಮಾಡಿದವರು ಯೊಆಸೊಬಿ ಎಂಬ ಜೋಡಿ: ಪದ ಮತ್ತು ಸಂಗೀತ ಅಯಾಸೆ ಅವರದು, ಗಾಯನ ಇಕುರಾ ಅವರದು. ಕಥೆ ಓದಿ ಹಾಡು ಕಟ್ಟುವುದೇ ಈ ಜೋಡಿಯ ಪದ್ಧತಿ. ಈ ಹಾಡಿಗಾಗಿ ಅಕಾಸಾಕಾ ಅವರೇ ಒಂದು ಸಣ್ಣಕಥೆ ಬರೆದರು, ಹಾಡು ಆ ಕಥೆಯ ಮೇಲೆ ನಿಂತಿದೆ. ಬಿಲ್‌ಬೋರ್ಡ್ ಜಪಾನ್ ಪಟ್ಟಿಯಲ್ಲಿ ಅದು ಸತತ 21 ವಾರ ಮೊದಲ ಸ್ಥಾನದಲ್ಲಿತ್ತು.

ಕಥೆಯ ನಡುವೆ ಇರುವವಳು ಐ ಎಂಬ ಹದಿಹರೆಯದ ವೇದಿಕೆ ಗಾಯಕಿ. ಅಭಿಮಾನಿಗಳೆದುರು ನಗುತ್ತ, ಎಲ್ಲರನ್ನೂ ಪ್ರೀತಿಸುತ್ತೇನೆಂದು ಹೇಳುತ್ತ ಬದುಕುವ ಅವಳಿಗೆ, ತಾನು ನಿಜವಾಗಿ ಯಾರನ್ನಾದರೂ ಪ್ರೀತಿಸಬಲ್ಲೆನೇ ಎಂಬುದೇ ಗೊತ್ತಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರೆ ಗದ್ದಲವೆನಿಸಿದ್ದರಲ್ಲಿ ಮೂರು ಬೇರೆ ಬೇರೆ ದನಿಗಳು ಕಾಣುತ್ತವೆ. ಮೊದಲ ಭಾಗದಲ್ಲಿ ಮಾತನಾಡುವುದು ಅವಳನ್ನು ಹೊರಗಿನಿಂದ ನೋಡುವ ಜಗತ್ತು, ಎರಡನೆಯದರಲ್ಲಿ ಅವಳ ಪಕ್ಕದಲ್ಲಿ ನಿಂತು ಮಸುಕಾಗಿಬಿಟ್ಟ ಸಹಗಾಯಕಿಯರ ಅಸೂಯೆ, ಕೊನೆಯಲ್ಲಿ ಮಾತ್ರ ಅವಳದೇ ಮಾತು. ನಿಮಿಷಕ್ಕೆ 166 ಬಡಿತಗಳ ಆ ದ್ರುತ ಗತಿಯಲ್ಲಿ ಇಕುರಾ ಈ ಮೂರಕ್ಕೂ ದನಿ ಬದಲಾಯಿಸುತ್ತಾರೆ: ಸಕ್ಕರೆಯಂಥ ವೇದಿಕೆಯ ದನಿ, ಏರಿಳಿತವಿಲ್ಲದೆ ಮಾತಿನಂತೆ ಸುರಿಯುವ ರ‍್ಯಾಪ್, ಕೊನೆಯಲ್ಲಿ ಅಲಂಕಾರವಿಲ್ಲದ ದನಿ. ಆಧಾರ ಶ್ರುತಿ ಹಾಡಿನುದ್ದಕ್ಕೂ ಹಲವು ಸಲ ಸರಿಯುವುದರಿಂದಲೇ ನಿಮಗೆ ನೆಲೆ ಸಿಗದಂತೆ ಆಗಿರಬೇಕು. ಷಡ್ಜವನ್ನು ಬಿಡದೆ ಹಿಡಿದು ಕೇಳುವ ಅಭ್ಯಾಸವನ್ನು ಆ ಮೂರೂವರೆ ನಿಮಿಷ ಬದಿಗಿಟ್ಟು, ಈಗ ಮಾತನಾಡುತ್ತಿರುವುದು ಯಾರು ಎಂದಷ್ಟೇ ಮೊಮ್ಮಗಳನ್ನು ಕೇಳಿ ನೋಡಿ. ಅವಳು ನಿಮಗೆ ಇಡೀ ಕಥೆಯನ್ನು ಹೇಳುತ್ತಾಳೆ.

ಪ್ರಶ್ನೆ: ಕೆಲವು ಅನಿಮೆ ಹಾಡುಗಳಿಗೂ ಮಂಗಾದ ಕಥೆಗೂ ಏನೇನೂ ಸಂಬಂಧ ಇರುವುದಿಲ್ಲ. ಕತ್ತಿ ಹಿಡಿದ ಯೋಧನ ಕಥೆಗೆ ಹುಡುಗಿಯ ಮುಖದ ಮಚ್ಚೆಗಳ ಹಾಡು! ಇದು ಮೂಲ ಕೃತಿಗೆ ಮಾಡಿದ ಅಗೌರವವಲ್ಲವೆ?
– ಓದುಗರು, ಶಿಗ್ಗಾವಿ

ನೀವು ಹೇಳುತ್ತಿರುವುದು ‘ರುರೊನಿ ಕೆನ್‌ಶಿನ್’ಗೆ 1996ರಲ್ಲಿ ಬಂದ ‘ಸೊಬಕಾಸು’ ಹಾಡನ್ನು ಎಂದು ತಿಳಿಯುತ್ತೇನೆ. ಜೂಡಿ ಅಂಡ್ ಮೇರಿ ತಂಡದ ಆ ಹಾಡಿನಲ್ಲಿ ಮೇಜಿ ಕಾಲದ ಖಡ್ಗಧಾರಿಯ ಸುಳಿವೂ ಇಲ್ಲ, ಆದರೂ ಅದು ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಆ ದಶಕದಲ್ಲಿ ‘ಟೈ-ಅಪ್’ ಎಂಬ ವ್ಯವಸ್ಥೆ ಬಿಗಿಯಾಗಿತ್ತು. ಧ್ವನಿಮುದ್ರಣ ಸಂಸ್ಥೆ ಯಾವ ಹಾಡನ್ನು ಬಿಡುಗಡೆ ಮಾಡಬೇಕೆಂದಿದ್ದರೆ ಅದೇ ಹಾಡು ಕಾರ್ಯಕ್ರಮಕ್ಕೂ ಬರುತ್ತಿತ್ತು. ಅಗೌರವ ಎಂಬ ಮಾತು ಕಠಿಣವಾಯಿತೆಂದು ನನಗನಿಸುತ್ತದೆ. ತಕೆಹಿಕೊ ಇನೊವೆ 1990ರಿಂದ 1996ರವರೆಗೆ ಬರೆದ ‘ಸ್ಲ್ಯಾಮ್ ಡಂಕ್’ ಬಾಸ್ಕೆಟ್‌ಬಾಲ್ ಕಥೆ. ಅದರ ಅನಿಮೆಗೆ 1994ರಲ್ಲಿ ವಾಂಡ್ಸ್ ತಂಡ ಕೊಟ್ಟ ಎಂಡಿಂಗ್ ಹಾಡು ನಗರದ ನಡುವಿನ ವಿರಹದ ಹಾಡು, ಚೆಂಡಿನ ಮಾತೇ ಅದರಲ್ಲಿಲ್ಲ. ಹಾಗಿದ್ದೂ ಆಟ ಬಿಟ್ಟು ದಾರಿ ತಪ್ಪಿ ಮತ್ತೆ ಅಂಕಣಕ್ಕೆ ಮರಳಿದ ಮಿತ್ಸುಯಿ ಎಂಬ ಪಾತ್ರದ ಹಾಡೆಂದೇ ಓದುಗರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಬರೆದವರು ಕೊಡದ ಸಂಬಂಧವನ್ನು ಕೇಳಿದವರು ಕೊಟ್ಟರು.

ಆದರೂ ನನ್ನ ಒಲವು ಮಂಗಾ ಓದಿ ಬರೆದ ಹಾಡಿನ ಕಡೆಗೇ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಅದೇ ‘ಸ್ಲ್ಯಾಮ್ ಡಂಕ್’ ಅನ್ನು ಇನೊವೆ ತಾವೇ ನಿರ್ದೇಶಿಸಿ 2022ರ ಡಿಸೆಂಬರ್‌ನಲ್ಲಿ ಚಲನಚಿತ್ರವಾಗಿ ತಂದಾಗ ಹಳೆಯ ಹಾಡುಗಳ ಜನಪ್ರಿಯತೆಯನ್ನು ಆಶ್ರಯಿಸಲಿಲ್ಲ. ಆರಂಭಕ್ಕೆ ದ ಬರ್ತ್‌ಡೇ ತಂಡದಿಂದ, ಕೊನೆಗೆ ಟೆನ್-ಫೀಟ್ ತಂಡದಿಂದ ಹೊಸ ಹಾಡುಗಳನ್ನು ಮಾಡಿಸಿದರು. ಆರಂಭದ ದೃಶ್ಯವನ್ನು ಗಮನವಿಟ್ಟು ನೋಡಿ: ಖಾಲಿ ಬಿಳಿಯ ಮೇಲೆ ಪೆನ್ಸಿಲ್ ಗೆರೆಗಳು ಒಬ್ಬೊಬ್ಬ ಆಟಗಾರನನ್ನೇ ಬಿಡಿಸುತ್ತ ಹೋಗುತ್ತವೆ, ಬಿಡಿಸಿದವರು ನಡೆಯತೊಡಗುತ್ತಾರೆ, ಐವರು ಕೂಡುತ್ತಿದ್ದಂತೆ ವಾದ್ಯಗಳೂ ಒಂದಾದ ಮೇಲೊಂದು ಕೂಡಿಕೊಳ್ಳುತ್ತವೆ. ಮಂಗಾಕಾರನ ಕೈಯೇ ತಾಳ ಹಾಕುತ್ತಿರುವಂತೆ ತೋರುತ್ತದೆ. ಅದೇ ರೀತಿ ತತ್ಸುಕಿ ಫುಜಿಮೊತೊ ಅವರ ‘ಚೈನ್‌ಸಾ ಮ್ಯಾನ್’ಗೆ 2022ರಲ್ಲಿ ಕೆನ್‌ಶಿ ಯೊನೆಜು ಮಾಡಿದ ‘ಕಿಕ್ ಬ್ಯಾಕ್’ ಕೇಳಿ. ರೊಟ್ಟಿಗೆ ಜಾಮ್ ಹಚ್ಚಿಕೊಂಡು ತಿನ್ನುವುದೇ ಬದುಕಿನ ದೊಡ್ಡ ಕನಸಾಗಿರುವ ಬಡ ಹುಡುಗ ಡೆಂಜಿಯ ಆತುರ ಆ ಹಾಡಿನ ಒರಟು ಗಿಟಾರಿನಲ್ಲೂ ಮುಗ್ಗರಿಸುವ ಲಯದಲ್ಲೂ ಇದೆ. ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘದ ಚಿನ್ನದ ಮಾನ್ಯತೆ ಪಡೆದ ಮೊದಲ ಜಪಾನಿ ಭಾಷೆಯ ಹಾಡು ಅದು.

ಪ್ರಶ್ನೆ: ಮುದ್ರಣದ ಕೆಲಸದಲ್ಲಿರುವವನು ನಾನು. ಸಂಗೀತವೇ ವಸ್ತುವಾಗಿರುವ ಮಂಗಾಗಳಿವೆ ಎಂದು ಓದಿದೆ. ಕಪ್ಪು ಬಿಳುಪಿನ ಕಾಗದದ ಮೇಲೆ ಹಾಡನ್ನು ಹೇಗೆ ತೋರಿಸುತ್ತಾರೆ?
– ಬೆಟಗೇರಿ, ಗದಗ

ಮುದ್ರಣ ಕಾಶಿಯಿಂದ ಬಂದ ಪ್ರಶ್ನೆಗೆ ಮುದ್ರಣದಿಂದಲೇ ಉತ್ತರ ಆರಂಭಿಸುತ್ತೇನೆ. ಜಪಾನಿನ ಮಂಗಾ ವಾರಪತ್ರಿಕೆಗಳು ಅಗ್ಗದ ಒರಟು ಕಾಗದದ ಮೇಲೆ ನಾನೂರಕ್ಕೂ ಹೆಚ್ಚು ಪುಟಗಳಲ್ಲಿ, ಬಲದಿಂದ ಎಡಕ್ಕೆ ಓದುವಂತೆ ಅಚ್ಚಾಗುತ್ತವೆ. ‘ಶೋನೆನ್ ಜಂಪ್’ 1994ರ ಕೊನೆಯಲ್ಲಿ ಒಂದೇ ಸಂಚಿಕೆಯ 65 ಲಕ್ಷ 30 ಸಾವಿರ ಪ್ರತಿಗಳನ್ನು ಮುದ್ರಿಸಿದ್ದು ಅದರ ದಾಖಲೆ. ಬಣ್ಣವಿಲ್ಲದ ಆ ಪುಟಗಳಲ್ಲಿ ಸದ್ದು ಕೂಡ ಚಿತ್ರದ ಭಾಗವೇ ಆಗಿರುತ್ತದೆ. ಬಾಗಿಲು ಬಡಿದ ಸದ್ದು, ಮಳೆಯ ಸದ್ದು, ಎದೆಬಡಿತ, ಎಲ್ಲವನ್ನೂ ಅಕ್ಷರಗಳಲ್ಲಿ ಕೈಯಿಂದಲೇ ಬರೆದು, ಸದ್ದು ಹೆಚ್ಚಾದಂತೆ ಅಕ್ಷರವನ್ನು ದಪ್ಪಗೊಳಿಸಿ, ಬಾಗಿಸಿ, ಚೌಕಟ್ಟು ಒಡೆದು ಹೊರಬರುವಂತೆ ಬಿಡಿಸುತ್ತಾರೆ.

ಹಾಡಿನ ವಿಚಾರದಲ್ಲಿ ಮಾತ್ರ ಅತ್ಯುತ್ತಮ ಮಂಗಾಕಾರರು ಅಕ್ಷರವನ್ನು ಕೈಬಿಡುತ್ತಾರೆ. ಹ್ಯಾರೊಲ್ಡ್ ಸಕುಇಶಿ 1999ರಿಂದ 2008ರವರೆಗೆ ಬರೆದ ‘ಬೆಕ್’ ಒಂದು ರಾಕ್ ತಂಡದ ಕಥೆ. ಅದರ ಹುಡುಗ ಕೊಯುಕಿ ವೇದಿಕೆಯಲ್ಲಿ ಬಾಯಿ ತೆರೆದಾಗ ಪುಟದಲ್ಲಿ ಪದವೂ ಇಲ್ಲ, ಸದ್ದಿನ ಅಕ್ಷರವೂ ಇಲ್ಲ. ಮೈಕಿನ ಮುಂದೆ ಹುಡುಗ, ಕೆಳಗೆ ಒಮ್ಮೆಲೆ ಸ್ತಬ್ಧವಾದ ಮುಖಗಳು, ಅಷ್ಟೆ. ಅಂಥ ದನಿ ಹೇಗಿರಬಹುದೆಂಬುದನ್ನು ಓದುಗ ತಾನೇ ಕಲ್ಪಿಸಿಕೊಳ್ಳಬೇಕು. 2010ರಲ್ಲಿ ಅದು ಚಲನಚಿತ್ರವಾದಾಗಲೂ ನಿರ್ದೇಶಕರು ಕೊಯುಕಿ ಹಾಡುವ ಗಳಿಗೆಯಲ್ಲಿ ಅವನ ದನಿಯನ್ನೇ ಕೇಳಿಸಲಿಲ್ಲ. ಶಿನಿಚಿ ಇಶಿಜುಕಾ ಅವರ ‘ಬ್ಲೂ ಜೈಂಟ್’ 2013ರಲ್ಲಿ ಆರಂಭವಾಯಿತು. ಸೆಂಡೈ ನಗರದ ಹಿರೋಸೆ ನದಿಯ ದಂಡೆಯಲ್ಲಿ ಒಬ್ಬನೇ ನಿಂತು ಸ್ಯಾಕ್ಸೊಫೋನ್ ಅಭ್ಯಾಸ ಮಾಡುವ ಹುಡುಗನ ಕಥೆ ಅದು. ಅಲ್ಲಿ ಸಂಗೀತವೆಂದರೆ ವಾದ್ಯದ ಬಾಯಿಂದ ಚಿಮ್ಮುವ ಗೆರೆಗಳು, ಬೆವರು, ಬಾಗಿದ ಬೆನ್ನು. 2023ರ ಅನಿಮೆ ಚಿತ್ರಕ್ಕೆ ಜಾಜ್ ಪಿಯಾನೊ ವಾದಕಿ ಹಿರೋಮಿ ಉಎಹಾರಾ ನಿಜವಾದ ಸಂಗೀತ ಕೊಟ್ಟರು. ಕಥೆಯಲ್ಲಿ ಡ್ರಮ್ ನುಡಿಸುವವನು ಹೊಸದಾಗಿ ಕಲಿಯುವವನಾದ್ದರಿಂದ, ನುರಿತ ವಾದಕ ಶುನ್ ಇಶಿವಾಕಾ ಮೊದಲು ತಡವರಿಸುತ್ತ, ದೃಶ್ಯದಿಂದ ದೃಶ್ಯಕ್ಕೆ ಪಳಗುತ್ತ ಹೋಗುವಂತೆ ನುಡಿಸಿದ್ದಾರೆ. ಕಲಿತದ್ದನ್ನು ಮರೆತಂತೆ ನುಡಿಸುವುದು ಎಷ್ಟು ಕಷ್ಟವೆಂದು ವಾದ್ಯ ಹಿಡಿದವರಿಗೆ ಗೊತ್ತು.

ನಿಮ್ಮ ವೃತ್ತಿಗೆ ಸಂಬಂಧಿಸಿದ ಒಂದು ವಿಷಯವನ್ನೂ ಹೇಳಬೇಕು. ಜಪಾನಿ ಮಂಗಾದಲ್ಲಿ ಪಾತ್ರವೊಂದು ಪ್ರಕಟವಾದ ಹಾಡಿನ ಸಾಲು ಗುನುಗಿದರೂ ಆ ಪುಟದ ಅಂಚಿನಲ್ಲೋ ಪುಸ್ತಕದ ಕೊನೆಯಲ್ಲೋ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದು 1939ರಲ್ಲಿ ಸ್ಥಾಪನೆಯಾದ, ಸಂಗೀತದ ಹಕ್ಕುಗಳನ್ನು ನೋಡಿಕೊಳ್ಳುವ ಜಸ್ರ್ಯಾಕ್ ಸಂಸ್ಥೆ ಕೊಟ್ಟ ಅನುಮತಿಯ ಸಂಖ್ಯೆ. ಒಂದೆರಡು ಸಾಲಿನ ಪದ್ಯಕ್ಕೂ ಅದನ್ನು ಬರೆದವರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ.

ಪ್ರಶ್ನೆ: ಮಂಗಾಕಾರರೇ ಹಾಡು ಬರೆದದ್ದುಂಟೆ?
– ರಾಣೆಬೆನ್ನೂರು

ಉಂಟು, ಅವುಗಳಲ್ಲಿ ಕೆಲವು ಭಾರಿ ಹಿಟ್ ಕೂಡ ಆದವು. ‘ಚಿಬಿ ಮಾರುಕೊ-ಚಾನ್’ ಎಂಬ ಮನೆಮಂದಿಯ ಮಂಗಾದ ಕರ್ತೃ ಮೊಮೊಕೊ ಸಕುರಾ ತಮ್ಮ ಅನಿಮೆಗೆ ತಾವೇ ಬರೆದ ‘ಒದೊರು ಪೊಂಪೊಕೊರಿನ್’ 1990ರ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆಯಿತು. ‘ನಾನಾ’ ಮಂಗಾ ಬರೆದ ಐ ಯಜಾವಾ 2005ರ ಚಲನಚಿತ್ರಕ್ಕೆ ‘ಗ್ಲಾಮರಸ್ ಸ್ಕೈ’ ಹಾಡಿನ ಪದಗಳನ್ನು ಬರೆದರು, ಸಂಗೀತ ಲಾರ್ಕ್-ಆನ್-ಸಿಯೆಲ್ ತಂಡದ ಹೈಡ್ ಅವರದು.

ಆದರೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಐಚಿರೊ ಓದಾ 1997ರ ಜುಲೈಯಿಂದ ಬರೆಯುತ್ತಿರುವ ‘ಒನ್ ಪೀಸ್’ನ ‘ಬಿಂಕ್ಸ್‌ನ ಮದ್ಯ’ ಎಂಬ ಕಡಲ್ಗಳ್ಳರ ಹಾಡು. ಪದಗಳು ಓದಾ ಅವರವೇ, ಧಾಟಿಯನ್ನು ಕೊಹೆಯಿ ತನಾಕಾ ಹಾಕಿದರು. ಹಾಡುತ್ತ ಕುಣಿಯುತ್ತ ಸಾಗಿದ ಸಂಗೀತಗಾರರ ಹಡಗೊಂದರಲ್ಲಿ ಎಲ್ಲರಿಗೂ ವಿಷ ತಗುಲಿದೆ, ಸಾವು ಖಚಿತವಾಗಿದೆ. ದೂರದಲ್ಲಿ ತಮಗಾಗಿ ಕಾಯುತ್ತಿರುವ ಲಬೂನ್ ಎಂಬ ತಿಮಿಂಗಿಲದ ಮರಿಗೆ ತಲುಪಿಸಲೆಂದು ಅವರು ಕೊನೆಯ ಸಲ ಈ ಹಾಡನ್ನು ನುಡಿಸಿ, ಧ್ವನಿ ಹಿಡಿದಿಡುವ ಚಿಪ್ಪಿನಲ್ಲಿ ತುಂಬುತ್ತಾರೆ. ನುಡಿಸುತ್ತ ನುಡಿಸುತ್ತ ಒಬ್ಬೊಬ್ಬರೇ ಕುಸಿಯುತ್ತಾರೆ. ಮೇಳ ನಾಲ್ವರಿಗಿಳಿಯುತ್ತದೆ, ಮೂವರಾಗುತ್ತದೆ, ಇಬ್ಬರಾಗುತ್ತದೆ, ಕೊನೆಗೆ ಬ್ರೂಕ್ ಒಬ್ಬನೇ ಉಳಿಯುತ್ತಾನೆ. ಪದಗಳು ಮಾತ್ರ ಮೊದಲಿನಷ್ಟೇ ಉಲ್ಲಾಸದವು. ಆ ಉಲ್ಲಾಸದ ಪದಗಳ ಕೆಳಗೆ ಕುಸಿದ ದೇಹಗಳನ್ನು ಬಿಡಿಸಿದ್ದರಿಂದಲೇ, ಧಾಟಿ ಗೊತ್ತಿಲ್ಲದೆ ಬರಿಯ ಪುಟವನ್ನು ಓದಿದವರಿಗೂ ಗಂಟಲು ಕಟ್ಟುತ್ತದೆ. ಹಾಡು ಇಲ್ಲಿ ಕಥೆಗೆ ಅಂಟಿಸಿದ್ದಲ್ಲ, ಅದೇ ಕಥೆ. ಅನಿಮೆ ನೋಡುವ ಮೊದಲು ಈ ಭಾಗವನ್ನು ಪುಸ್ತಕದಲ್ಲಿ ಓದಬೇಕೆಂಬುದು ನನ್ನ ಒತ್ತಾಯ.

ಪ್ರಶ್ನೆ: ಹನ್ನೊಂದು ವರ್ಷದ ಮಗ ಈ ಹಾಡುಗಳ ಮೂಲಕ ಮಂಗಾ ಓದಲು ಕೇಳುತ್ತಿದ್ದಾನೆ. ಎಲ್ಲವನ್ನೂ ಕೊಡಬಹುದೆ?
– ತಾಯಿ, ಹಾವೇರಿ

ಎಲ್ಲವನ್ನೂ ಕೊಡಬಾರದು. ಹಾಡಿನ ಸೊಗಸು ನೋಡಿ ಪುಸ್ತಕದ ವಯಸ್ಸನ್ನು ಅಳೆಯಲಾಗದು. ‘ಐಡಲ್’ ಕೇಳಿ ಕುಣಿಯುವ ಮಗುವಿಗೆ ‘ಓಶಿ ನೊ ಕೊ’ದ ಮೊದಲ ಸಂಪುಟವೇ ತಕ್ಕದ್ದಲ್ಲ, ಅದರಲ್ಲಿ ಕೊಲೆಯಿದೆ, ಮುಂದೆ ಆತ್ಮಹತ್ಯೆಯ ಯತ್ನದ ಪ್ರಸಂಗವೂ ಬರುತ್ತದೆ. ‘ಚೈನ್‌ಸಾ ಮ್ಯಾನ್’ ಅಂತೂ ರಕ್ತಮಯ. ‘ಡೀಮನ್ ಸ್ಲೇಯರ್’ನಲ್ಲೂ ತಲೆ ಕಡಿಯುವ ದೃಶ್ಯಗಳು ಹೇರಳವಾಗಿವೆ. ಇಂಗ್ಲಿಷ್ ಆವೃತ್ತಿಗಳ ಹಿಂಬದಿಯಲ್ಲಿ ವಯಸ್ಸಿನ ಗುರುತು ಅಚ್ಚಾಗಿರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಫುಜಿಕೊ ಎಫ್. ಫುಜಿಯೊ ಅವರ ‘ಡೋರೆಮಾನ್’ ಅನ್ನು ಅವನು ಹಿಂದಿ ಟಿವಿಯಲ್ಲಿ ಈಗಾಗಲೇ ನೋಡಿರುತ್ತಾನೆ, ಪುಸ್ತಕದಲ್ಲಿ ಅದು ಇನ್ನೂ ಚೆನ್ನಾಗಿದೆ. ಆಟದಲ್ಲಿ ಆಸಕ್ತಿಯಿದ್ದರೆ ಇನ್ನೊಂದೆರಡು ವರ್ಷಕ್ಕೆ ವಾಲಿಬಾಲ್ ಕಥೆಯಾದ ‘ಹೈಕ್ಯೂ’ ಕೊಡಿ.

ಪ್ರಶ್ನೆ: ಅಂತರ್ಜಾಲದಲ್ಲಿ ಯಾರೋ ಹಾಕಿದ ಪುಟಗಳನ್ನು ಓದುವುದು ಬೇಡವೆಂದು ಅಣ್ಣ ಹೇಳುತ್ತಾನೆ. ನ್ಯಾಯವಾದ ದಾರಿ ಯಾವುದು?
– ಉಣಕಲ್, ಹುಬ್ಬಳ್ಳಿ

ನಿಮ್ಮ ಅಣ್ಣನ ಮಾತು ಸರಿ. ಶುಎಶಾ ಸಂಸ್ಥೆಯೇ 2019ರ ಜನವರಿಯಲ್ಲಿ ‘ಮಂಗಾ ಪ್ಲಸ್’ ಎಂಬ ಆ್ಯಪ್ ಆರಂಭಿಸಿತು. ಜಪಾನಿನಲ್ಲಿ ಪ್ರಕಟವಾಗುವ ಹೊತ್ತಿಗೇ ಹೊಸ ಅಧ್ಯಾಯಗಳು ಅಲ್ಲಿ ಇಂಗ್ಲಿಷಿನಲ್ಲಿ ಬರುತ್ತವೆ, ನಡೆಯುತ್ತಿರುವ ಸರಣಿಗಳ ಮೊದಲ ಕೆಲವು ಮತ್ತು ತೀರಾ ಇತ್ತೀಚಿನ ಕೆಲವು ಅಧ್ಯಾಯಗಳನ್ನು ಹಣ ಕೊಡದೆ ಓದಬಹುದು. ಮಂಗಾಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುವ ವಿಜ್ ಸಂಸ್ಥೆಯ ‘ಶೋನೆನ್ ಜಂಪ್’ ಆ್ಯಪ್ ಭಾರತದಲ್ಲೂ ತಿಂಗಳ ಚಂದಾದ ಮೇಲೆ ಸಿಗುತ್ತದೆ.

ಪ್ರಶ್ನೆ: ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಜಪಾನಿ ಹಾಡೊಂದನ್ನು ಹಾಡಬೇಕೆಂದಿದ್ದೇವೆ. ಯಾವುದನ್ನು ಆರಿಸಿಕೊಳ್ಳಬೇಕು? ಉಚ್ಚಾರಣೆ ಹೇಗೆ ಕಲಿಯಬೇಕು? ಅದಕ್ಕೆ ಕನ್ನಡ ಪದ ಬರೆದು ಯೂಟ್ಯೂಬಿಗೆ ಹಾಕಬಹುದೆ?
– ವಿದ್ಯಾರ್ಥಿಗಳ ವಾದ್ಯತಂಡ, ಧಾರವಾಡ

ಮೊದಲ ಸಲಕ್ಕೆ ‘ಐಡಲ್’ ಬೇಡ, ಉಸಿರಿಗೆ ಎಡೆಯೇ ಇಲ್ಲದ ಹಾಡು ಅದು. ‘ಗುರೆಂಗೆ’ಯ ಮೇಲಿನ ಸ್ವರಗಳು ಪಳಗದ ಗಂಟಲಿಗೆ ಪೆಟ್ಟು ಕೊಡುತ್ತವೆ. ‘ನರೂಟೊ ಶಿಪ್ಪುಡೆನ್’ಗೆ 2008ರಲ್ಲಿ ಇಕಿಮೊನೊ-ಗಕಾರಿ ತಂಡ ಹಾಡಿದ ‘ಬ್ಲೂ ಬರ್ಡ್’ ನಿಮಗೆ ಹೊಂದುತ್ತದೆ. ಅದರ ಧಾಟಿ ಮೊದಲ ಸಾಲಿನಲ್ಲೇ ಸಾಬಿಯನ್ನು ಇಟ್ಟು ಕೇಳುಗರನ್ನು ಹಿಡಿಯುತ್ತದೆ, ಡ್ರಮ್ ಮತ್ತು ಗಿಟಾರಿಗೆ ಸಾಕಷ್ಟು ಕೆಲಸವಿದೆ. ತಂಡದಲ್ಲಿ ಹೆಚ್ಚು ಕಂಠಗಳಿದ್ದರೆ ‘ಒನ್ ಪೀಸ್’ನ ಮೊದಲ ಓಪನಿಂಗ್, 1999ರಲ್ಲಿ ಹಿರೋಶಿ ಕಿತಾದನಿ ಹಾಡಿದ ‘ವಿ ಆರ್!’ ಆರಿಸಿಕೊಳ್ಳಿ, ಅದು ಒಟ್ಟಾಗಿ ಹಾಡಲೆಂದೇ ಹುಟ್ಟಿದಂತಿದೆ. ಯಾವುದೇ ಆದರೂ ಮೊದಲು ಒಂದೂವರೆ ನಿಮಿಷದ ಟಿವಿ ಆವೃತ್ತಿಯನ್ನು ಪಕ್ಕಾ ಮಾಡಿಕೊಂಡು, ಆಮೇಲೆ ಪೂರ್ಣ ಹಾಡಿಗೆ ಕೈಹಾಕಿ.

ಉಚ್ಚಾರಣೆಗೆ ರೋಮನ್ ಲಿಪಿಯ ಸಾಹಿತ್ಯವನ್ನು ನೆಚ್ಚಬೇಡಿ, ಕೇಳುತ್ತ ಕೇಳುತ್ತ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲವನ್ನೂ ನಮ್ಮ ಲಿಪಿ ಸ್ಪಷ್ಟವಾಗಿ ಹಿಡಿಯುತ್ತದೆ. ಇನ್ನೊಂದು ಅನುಕೂಲ ನಮ್ಮ ಛಂದಸ್ಸಿನಿಂದ ಬರುತ್ತದೆ. ಜಪಾನಿ ಭಾಷೆಯೂ ಮಾತ್ರೆಯ ಲೆಕ್ಕದಲ್ಲೇ ನಡೆಯುತ್ತದೆ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಿನ ಹಿಂದಿನ ಅಕ್ಷರಕ್ಕೆ ಒಂದು ಮಾತ್ರೆ ಹೆಚ್ಚು, ಕೊನೆಯಲ್ಲಿ ‘ನ್’ ಬಂದರೆ ಅದಕ್ಕೂ ಒಂದು. ‘ನಿಪ್ಪೊನ್’ ಎಂಬುದನ್ನು ಅವರು ನಾಲ್ಕು ಮಾತ್ರೆಯೆಂದು ಎಣಿಸುತ್ತಾರೆ. ಶಾಲೆಯಲ್ಲಿ ಕಲಿತ ಲಘು ಗುರು ಹಾಕಿದರೆ ನಮಗೂ ಎರಡು ಗುರು, ನಾಲ್ಕು ಮಾತ್ರೆಯೇ ಸಿಗುತ್ತದೆ. ಅವರ ಹಾಡುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರೆಗೆ ಒಂದು ಸ್ವರ ಬೀಳುವುದರಿಂದ, ಸಾಹಿತ್ಯದ ಮೇಲೆ ಪ್ರಸ್ತಾರ ಹಾಕಿಕೊಂಡು ಅಭ್ಯಾಸ ಮಾಡಿದರೆ ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಕನ್ನಡ ಪದ ಬರೆಯುವಾಗಲೂ ಇದೇ ಅಳತೆ ನಿಮ್ಮ ಕೈ ಹಿಡಿಯುತ್ತದೆ, ನಮ್ಮ ಪದಗಳೂ ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಅವು ಧಾಟಿಯಲ್ಲಿ ಸಲೀಸಾಗಿ ಕೂರುತ್ತವೆ.

ಕಾನೂನಿನ ಮಟ್ಟಿಗೆ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ವಿದ್ಯಾಸಂಸ್ಥೆಯ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಸಂಗೀತ ಕೃತಿಯೊಂದನ್ನು ಪ್ರದರ್ಶಿಸಿದರೆ, ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಪಾಲಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿದ್ದಲ್ಲಿ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಊರಿಗೆಲ್ಲ ಟಿಕೆಟ್ ಮಾರಿದರೆ ಈ ರಕ್ಷಣೆ ಇರದು. ಕನ್ನಡ ಪದ ಬರೆದು ಯೂಟ್ಯೂಬಿಗೆ ಹಾಕುವುದು ಇದರೊಳಗೆ ಬರುವುದಿಲ್ಲ, ಏಕೆಂದರೆ ಭಾಷಾಂತರದ ಹಕ್ಕೂ ಸಾರ್ವಜನಿಕರಿಗೆ ತಲುಪಿಸುವ ಹಕ್ಕೂ ಮೂಲ ಕರ್ತೃವಿನವು. ಬರೆದ ಪದಗಳನ್ನು ನಿಮ್ಮ ಸಭಾಂಗಣದಲ್ಲಿ ಹಾಡುವ ಮೊದಲೂ ಹಕ್ಕುದಾರರಿಗೆ ಪತ್ರ ಬರೆದು ಅನುಮತಿ ಕೇಳುವುದು ಮೇಲು. ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯಬಹುದಾದ್ದರಿಂದ, ವಾರ್ಷಿಕೋತ್ಸವಕ್ಕೆ ಮೂಲ ಜಪಾನಿ ಸಾಹಿತ್ಯದಲ್ಲೇ ಹಾಡಲು ಈಗಿನಿಂದಲೇ ಸಿದ್ಧರಾಗಿ.